ಊರು ಕಳೆದವರ ಅಹವಾಲು

ಪ್ರವೇಶದ ಅರ್ಜಿಗಳನ್ನು ತಿರುವಿಹಾಕುತ್ತಿದ್ದಾಗ ಒಂದು ಹಾಳೆಯ ಮುಂದೆ ನನ್ನ ಕೈ ನಿಂತಿತು. ‘ಸ್ವಂತ ಊರು’ ಎಂದು ಅಚ್ಚಾಗಿದ್ದ ಸಾಲಿನಲ್ಲಿ ಹುಡುಗನೊಬ್ಬ ದುಂಡಗಿನ ಅಕ್ಷರಗಳಿಂದ ‘ಸೂಪಾ’ ಎಂದು ಬರೆದಿದ್ದ. ಅದರ ಮೇಲೆ ಯಾರೋ ಗೀಟೆಳೆದು ‘ರಾಮನಗರ’ ಎಂದು ತಿದ್ದಿದ್ದರು. ತಿದ್ದಿದವರದು ತಪ್ಪೆನ್ನುವಂತಿಲ್ಲ, ಹುಡುಗ ಹುಟ್ಟಿದ್ದೂ ಬೆಳೆದದ್ದೂ ರಾಮನಗರದಲ್ಲಿಯೇ. ಬರೆದವನದೂ ತಪ್ಪಲ್ಲ. ಅವನ ಅಜ್ಜನ ಮನೆ ಇದ್ದದ್ದು ಸೂಪಾದಲ್ಲಿ. ಆ ಸೂಪಾ ಈಗ ಕಾಳೀ ನದಿಯ ನೀರಿನ ಅಡಿಯಲ್ಲಿದೆ.

ಪಾಂಢರೀ ಹೊಳೆ ಬಂದು ಕಾಳಿಯನ್ನು ಕೂಡಿಕೊಳ್ಳುತ್ತಿದ್ದ ಸಂಗಮದಲ್ಲಿ, ತಾಲೂಕಿನ ಮುಖ್ಯಸ್ಥಳವೆಂಬ ಗೌರವವನ್ನು ಹೊತ್ತು ಬಾಳಿದ ಪೇಟೆಯದು. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು ನಿಂತಾಗ ಅದು ಜಲಾಶಯದ ತಳ ಸೇರಿತು. ಕಚೇರಿಗಳು ಜೋಯಿಡಾಕ್ಕೆ ಹೋದವು. ಜನರಲ್ಲಿ ಬಹುಮಂದಿ ರಾಮನಗರಕ್ಕೆ ಹೋದರು. ಹೆಸರೊಂದು ಅಣೆಕಟ್ಟಿಗೆ ಅಂಟಿಕೊಂಡು ಉಳಿಯಿತು. ನಾಡಿಗೆ ಬೆಳಕು ಬಂದಿತೆಂಬುದು ನಿಜ. ನೀರಿಗಾಗಿ ಮನೆ ಬಿಟ್ಟುಕೊಟ್ಟವರ ಹೊಸ ಊರಿನಿಂದ ಬಹುಕಾಲ ಕೇಳಿಬಂದ ದೂರು ಕುಡಿಯುವ ನೀರಿನದೇ ಆಗಿತ್ತೆಂಬುದೂ ನಿಜ.

ಆದರೆ ನಾನು ಇಲ್ಲಿ ಬರೆಯಹೊರಟಿರುವುದು ಸೂಪಾದ ಕಥೆಯನ್ನಲ್ಲ. ಆ ಅರ್ಜಿಯ ಗೀಟು ನನ್ನ ಮನಸ್ಸನ್ನು ಮತ್ತೊಂದು ದಿಕ್ಕಿಗೆ ಕೊಂಡೊಯ್ದಿತು. ಊರನ್ನು ಕಳೆದುಕೊಂಡವನು ತನ್ನ ದೂರನ್ನು ಹೇಳಹೊರಟಾಗ, ನಿನ್ನ ಊರು ಯಾವುದೆಂಬ ಮೊದಲ ಪ್ರಶ್ನೆಗೇ ಅವನಲ್ಲಿ ಕಾಗದವಿರುವುದಿಲ್ಲ. ನೀರು ನುಂಗಿದ ಊರಿನವರ ಪಾಡು ಇದಾದರೆ, ಬಂದೂಕು ಹಿಡಿದ ಸೈನ್ಯ ಓಡಿಸಿದವರ ಪಾಡೇನು? ಅಂಥವರನ್ನು ಕಾಣಲು ನಮ್ಮ ಕಡೆಯವರು ಬಹಳ ದೂರ ಹೋಗಬೇಕಾಗಿಲ್ಲ. ಜೋಯಿಡಾದಿಂದ ದಾಂಡೇಲಿ, ಹಳಿಯಾಳಗಳನ್ನು ದಾಟಿ ಮುಂಡಗೋಡದವರೆಗೆ ಹೋದರೆ ಸಾಕು.

ಮುಂಡಗೋಡದ ಹೊರವಲಯದಲ್ಲಿ ಹುಬ್ಬಳ್ಳಿಯ ಬಸ್ಸಿನಿಂದ ಇಳಿದವರಿಗೆ ಮೊದಲು ಕಾಣುವುದು ಗಾಳಿಗೆ ಪಟಪಟಿಸುವ ಬಣ್ಣದ ಬಟ್ಟೆಯ ಸಾಲು. ಐದು ಬಣ್ಣಗಳ ಆ ಪ್ರಾರ್ಥನಾ ಧ್ವಜಗಳ ಕೆಳಗೆ ಗೋವಿನಜೋಳದ ಹೊಲ, ಹೊಲದ ಆಚೆ ಹೊಳೆಯುವ ಚಿನ್ನದ ಬಣ್ಣದ ಕಳಶ, ಕೆಂಪು ವಸ್ತ್ರದ ಹುಡುಗರ ಗುಂಪು. ಭಾನುವಾರಗಳಲ್ಲಿ ಹುಬ್ಬಳ್ಳಿ, ಶಿರಸಿಗಳಿಂದ ಸಂಸಾರ ಸಮೇತರಾಗಿ ಬಂದು, ವಿಹಾರಗಳ ಮುಂದೆ ಚಿತ್ರ ತೆಗೆಸಿಕೊಂಡು, ಆವಿಯಲ್ಲಿ ಬೇಯಿಸಿದ ಮೋಮೋ ತಿಂದು ಹೋಗುವವರಿಗೆ ಕೊರತೆಯಿಲ್ಲ. ‘ಮಿನಿ ಟಿಬೆಟ್’ ಎಂದು ಅದಕ್ಕೆ ಹೆಸರಿಟ್ಟು ನಾವು ತೃಪ್ತರಾಗಿದ್ದೇವೆ. ನಾನೂ ಎರಡು ಸಲ ಹಾಗೆಯೇ ಹೋಗಿ ಬಂದವನು. ಮೂರನೆಯ ಸಲ ಹೋದದ್ದು ಆ ಅರ್ಜಿಯನ್ನು ನೋಡಿದ ಮೇಲೆ.

ಟಿಬೆಟಿನ ಕಥೆಯನ್ನು ಸಂಗ್ರಹವಾಗಿ ನೆನಪಿಸಿಕೊಳ್ಳುವುದು ಒಳ್ಳೆಯದು. 1950ರ ಅಕ್ಟೋಬರದಲ್ಲಿ ಚೀನದ ಸೈನ್ಯ ಪೂರ್ವ ಟಿಬೆಟಿನ ಚಾಮ್ಡೋ ಪ್ರಾಂತವನ್ನು ಹೊಕ್ಕಿತು. 1951ರ ಮೇ ತಿಂಗಳಲ್ಲಿ ಬೀಜಿಂಗಿನಲ್ಲಿ ಹದಿನೇಳು ಅಂಶಗಳ ಒಪ್ಪಂದವೊಂದಕ್ಕೆ ಟಿಬೆಟಿನ ಪ್ರತಿನಿಧಿಗಳ ಸಹಿ ಬಿದ್ದಿತು. ಒತ್ತಾಯದಿಂದ ಹಾಕಿಸಿಕೊಂಡ ಸಹಿಯದೆಂದು ದಲೈ ಲಾಮಾ ಅವರು ತರುವಾಯ ಅದನ್ನು ತಿರಸ್ಕರಿಸಿದರು. 1956ರಿಂದ ಪೂರ್ವದ ಖಾಮ್ ಸೀಮೆಯಲ್ಲಿ ದಂಗೆಗಳೆದ್ದವು. ಲಿಥಾಂಗಿನ ವಿಹಾರದ ಮೇಲೆ ವಿಮಾನಗಳು ಬಾಂಬು ಹಾಕಿದವು. 1959ರ ಮಾರ್ಚ್ 10ರಂದು ಲ್ಹಾಸಾದ ಜನ ತಮ್ಮ ಗುರುವಿನ ಬೇಸಗೆಯ ಅರಮನೆಯನ್ನು ಸುತ್ತುವರಿದು ಕಾವಲು ನಿಂತರು. 17ರ ರಾತ್ರಿ ದಲೈ ಲಾಮಾ ಸಿಪಾಯಿಯ ವೇಷದಲ್ಲಿ ಹೊರಬಿದ್ದರು. 20ರಂದು ನಗರದಲ್ಲಿ ಫಿರಂಗಿಗಳು ಮೊಳಗಿದವು. ತಿಂಗಳ ಕೊನೆಯ ದಿನ ಅವರು ಭಾರತದ ಗಡಿಯನ್ನು ದಾಟಿದರು. ಅವರ ಹಿಂದೆ ಬೆಟ್ಟಗಳನ್ನಿಳಿದು ಬಂದವರು ಸುಮಾರು 80,000 ಮಂದಿ.

ಹಳೆಯ ಟಿಬೆಟ್ ಭೂಸ್ವರ್ಗವಾಗಿತ್ತೆಂದು ಹೇಳಲು ನಾನು ಸಿದ್ಧನಿಲ್ಲ. ವಿಹಾರಗಳಿಗೂ ಶ್ರೀಮಂತರಿಗೂ ಸೇರಿದ ಜಹಗೀರುಗಳಲ್ಲಿ ಬಿಟ್ಟಿ ದುಡಿಯುತ್ತಿದ್ದ ರೈತರು ಅಲ್ಲಿದ್ದರು. ಅವರನ್ನು ಬಿಡಿಸಲು ಬಂದೆವೆಂಬುದೇ ಚೀನದ ವಾದ. ಆದರೆ ಬಿಡುಗಡೆ ಪಡೆದವರು ಹಿಮದಲ್ಲಿ ಕಾಲ್ಬೆರಳುಗಳನ್ನು ಕಳೆದುಕೊಂಡು ಪರದೇಶಕ್ಕೆ ಓಡಿಬಂದದ್ದೇಕೆ ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿಲ್ಲ. ಓಡಿಬಂದವರಲ್ಲಿ ಲಾಮಾಗಳೂ ಶ್ರೀಮಂತರೂ ಮಾತ್ರವೇ ಇರಲಿಲ್ಲ. ಒಕ್ಕಲಿಗರೂ ಕುರಿ ಕಾಯುವವರೂ ಇದ್ದರು.

ಇನ್ನು ಅಹವಾಲಿನ ಮಾತು. ಟಿಬೆಟಿಗರ ಮೊದಲ ದೂರು ವಿಶ್ವಸಂಸ್ಥೆಗೆ ಹೋದದ್ದು 1950ರ ನವೆಂಬರಿನಲ್ಲಿ, ಕಾಲಿಂಪಾಂಗದಿಂದ ಕಳುಹಿಸಿದ ಒಂದು ತಂತಿಯ ಮೂಲಕ. ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್ ಅದನ್ನು ಎತ್ತಿಕೊಂಡಿತು. ದೊಡ್ಡ ದೇಶಗಳು ಮುಖ ಮುಖ ನೋಡಿಕೊಂಡವು. ಮಾತುಕತೆಯಿಂದ ಬಗೆಹರಿಯುವ ಭರವಸೆಯಿದೆಯೆಂದು ಹೇಳಿದವರಲ್ಲಿ ನಮ್ಮ ದೇಶವೂ ಒಂದು. ವಿಷಯ ಮುಂದಕ್ಕೆ ಹೋಯಿತು. ಕಚೇರಿಯ ಅನುಭವವುಳ್ಳ ವಾಚಕರಿಗೆ ‘ಮುಂದಕ್ಕೆ ಹೋಯಿತು’ ಎಂಬುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂಬತ್ತು ವರ್ಷಗಳ ಮೇಲೆ ಐರ್ಲೆಂಡ್ ಮತ್ತು ಮಲಯಾ ದೇಶಗಳು ಮತ್ತೆ ಅದನ್ನು ಸಭೆಯ ಮುಂದಿಟ್ಟವು. 1959ರ ಅಕ್ಟೋಬರ್ 21ರಂದು, ಟಿಬೆಟಿಗರ ಮೂಲಭೂತ ಮಾನವ ಹಕ್ಕುಗಳಿಗೂ ಅವರ ವಿಶಿಷ್ಟ ಸಂಸ್ಕೃತಿ ಮತ್ತು ಧಾರ್ಮಿಕ ಬಾಳಿಗೂ ಗೌರವ ಸಲ್ಲಬೇಕೆಂಬ ಗೊತ್ತುವಳಿ 45 ಮತಗಳಿಂದ ಅಂಗೀಕಾರವಾಯಿತು. ವಿರೋಧವಾಗಿ 9, ಯಾವ ಕಡೆಗೂ ಕೈಯೆತ್ತದವರು 26. ಆ ಇಪ್ಪತ್ತಾರರಲ್ಲಿ ಭಾರತವೂ ಇತ್ತು. ನಿರಾಶ್ರಿತರಿಗೆ ನೆಲ ಕೊಟ್ಟ ದೇಶ, ಅವರ ದೂರಿಗೆ ದನಿ ಕೊಡಲಿಲ್ಲ. ಬೀಜಿಂಗಿನೊಡನೆ ಸ್ನೇಹವನ್ನು ಉಳಿಸಿಕೊಳ್ಳುವ ಆಸೆ ದಿಲ್ಲಿಗೆ ಆಗ ಇನ್ನೂ ಇತ್ತು. 1961ರ ಡಿಸೆಂಬರಿನಲ್ಲಿ ಎರಡನೆಯ ಗೊತ್ತುವಳಿ ಬಂದು, ಅದರಲ್ಲಿ ಟಿಬೆಟಿಗರ ಸ್ವಯಂ ನಿರ್ಣಯದ ಹಕ್ಕಿನ ಮಾತೂ ಸೇರಿತು. 1962ರಲ್ಲಿ ನಮ್ಮ ಗಡಿಯಲ್ಲಿಯೇ ಗುಂಡು ಹಾರಿತು. 1965ರ ಡಿಸೆಂಬರಿನಲ್ಲಿ ಮೂರನೆಯ ಗೊತ್ತುವಳಿ ಬಂದಾಗ ಭಾರತ ಕೈಯೆತ್ತಿತು. ತನ್ನ ಮೈಗೆ ಪೆಟ್ಟು ಬಿದ್ದ ಮೇಲೆ ನೆರೆಯವನ ಗಾಯ ಕಂಡಿತೆಂದು ಯಾರಾದರೂ ಆಡಿಕೊಂಡರೆ ಅವರ ಬಾಯಿ ಮುಚ್ಚಿಸುವುದು ಕಷ್ಟ.

ಈ ಮೊಕದ್ದಮೆಯಲ್ಲಿ ಒಂದು ವಿಚಿತ್ರವಿತ್ತು. ಮೂರು ಗೊತ್ತುವಳಿಗಳೂ ಆದ ಕಾಲದಲ್ಲಿ ಪ್ರತಿವಾದಿಯೇ ಸಭೆಯಲ್ಲಿರಲಿಲ್ಲ. ಚೀನದ ಪೀಠದಲ್ಲಿ ಕುಳಿತಿದ್ದುದು ತೈವಾನಿನಲ್ಲಿದ್ದ ಸರಕಾರದ ಪ್ರತಿನಿಧಿ. ಬೀಜಿಂಗಿನ ಸರಕಾರಕ್ಕೆ ಆ ಪೀಠ ದೊರೆತದ್ದು 1971ರ ಅಕ್ಟೋಬರಿನಲ್ಲಿ. ಇನ್ನಾದರೂ ಎದುರುಬದುರಾಗಿ ವಿಚಾರಣೆ ನಡೆದೀತೆಂದು ಎಣಿಸಿದವರಿದ್ದರೆ ಅವರಿಗೆ ಆಶಾಭಂಗವಾಯಿತು. ಪ್ರತಿವಾದಿ ಬಂದು ಕುಳಿತ ಮೇಲೆ ವಾದವೇ ನಿಂತುಹೋಯಿತು. ಮಹಾಸಭೆಯಲ್ಲಿ ಟಿಬೆಟಿನ ಬಗ್ಗೆ ನಾಲ್ಕನೆಯ ಗೊತ್ತುವಳಿ ಬರಲೇ ಇಲ್ಲ. 1991ರ ಆಗಸ್ಟಿನಲ್ಲಿ, ಅಲ್ಪಸಂಖ್ಯಾತರ ರಕ್ಷಣೆಗೆಂದಿದ್ದ ವಿಶ್ವಸಂಸ್ಥೆಯ ಉಪ ಆಯೋಗವೊಂದು ಕಳವಳವನ್ನು ವ್ಯಕ್ತಪಡಿಸಿ ಗೊತ್ತುವಳಿ ಮಾಡಿತು. ‘ಅಲ್ಪಸಂಖ್ಯಾತರು’ ಎಂಬ ಮಾತನ್ನು ಗಮನಿಸಬೇಕು. ಇಡಿಯ ಪ್ರಸ್ಥಭೂಮಿಯಲ್ಲಿ ತಲೆಮಾರುಗಳಿಂದ ತಾವೇ ತಾವಾಗಿದ್ದ ಜನ, ನಕ್ಷೆಯ ಮೇಲಿನ ಗೆರೆ ಸರಿದ ಮಾತ್ರಕ್ಕೆ, ತಮ್ಮ ನೆಲದ ಮೇಲೆ ನಿಂತಂತೆಯೇ ಅಲ್ಪಸಂಖ್ಯಾತರಾದರು.

ಹಾಗಾದರೆ ಆ ಅಹವಾಲುಗಳೆಲ್ಲ ನೀರಿನ ಮೇಲಿನ ಬರಹವಾದವೇ? ನಾನು ಹಾಗೆಯೇ ಎಣಿಸಿದ್ದೆ. ಪುರುಷೋತ್ತಮ ತ್ರಿಕಮದಾಸರ ಕೆಲಸದ ಬಗ್ಗೆ ಓದಿದ ಮೇಲೆ ಎಣಿಕೆ ಬದಲಾಯಿತು.

ತ್ರಿಕಮದಾಸರು ಸುಪ್ರೀಂ ಕೋರ್ಟಿನ ಹಿರಿಯ ವಕೀಲರು; ಸಮಾಜವಾದಿ ಚಳವಳಿಯಲ್ಲಿ ದುಡಿದವರು. ಜಿನೀವಾದಲ್ಲಿರುವ ನ್ಯಾಯವೇತ್ತರ ಅಂತರರಾಷ್ಟ್ರೀಯ ಆಯೋಗ ಟಿಬೆಟಿನ ವಿಚಾರಣೆಯ ಹೊಣೆಯನ್ನು ಅವರಿಗೆ ಒಪ್ಪಿಸಿತು. ಈ ಆಯೋಗಕ್ಕೂ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಸಂಬಂಧವಿಲ್ಲ; ಇದಕ್ಕೆ ಯಾರನ್ನೂ ಕಟಕಟೆಗೆ ಕರೆಸುವ ಅಧಿಕಾರವಿರಲಿಲ್ಲ, ಶಿಕ್ಷಿಸುವ ಅಧಿಕಾರವಂತೂ ಇರಲೇ ಇಲ್ಲ. ಅದು ಮಾಡಬಹುದಾಗಿದ್ದುದು ಇಷ್ಟೇ: ಓಡಿಬಂದವರ ಹೇಳಿಕೆಗಳನ್ನು ಕೇಳಿ ಬರೆದುಕೊಳ್ಳುವುದು. ಯಾವ ಊರು, ಎಷ್ಟು ವಯಸ್ಸು, ಯಾವಾಗ ಸೈನಿಕರು ಬಂದರು, ಏನು ಮಾಡಿದರು, ನೀನೇ ಕಣ್ಣಾರೆ ಕಂಡೆಯೋ ಅಥವಾ ಯಾರಾದರೂ ಹೇಳಿದ್ದನ್ನು ಕೇಳಿದೆಯೋ. ವಕೀಲರ ಪ್ರಶ್ನೆಗಳು. ಮನೆಮಾರು ಸುಟ್ಟು ಬಂದವನ ಮುಂದೆ ಹೀಗೆ ಕೇಳುತ್ತ ಕೂರುವುದು ನಿರ್ದಯವೆನಿಸಬಹುದು. ಆದರೆ ಮರುಗುವವರು ಬೇಕಾದಷ್ಟಿದ್ದರು, ಬರೆದಿಡುವವರು ಕಡಿಮೆ.

1959ರಲ್ಲಿಯೇ ಮೊದಲ ವರದಿ ಹೊರಬಂದಿತು. 1960ರಲ್ಲಿ ಸಮಿತಿಯ ಪೂರ್ಣ ವರದಿ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 30 ವಿಧಿಗಳಲ್ಲಿ 16 ವಿಧಿಗಳ ಉಲ್ಲಂಘನೆಯಾಗಿದೆಯೆಂದು ಅದು ಎಣಿಸಿ ತೋರಿಸಿತು. ಬದುಕುವ ಹಕ್ಕು, ಓಡಾಡುವ ಹಕ್ಕು, ಆಸ್ತಿಯ ಹಕ್ಕು, ತನ್ನ ದೇವರನ್ನು ಪೂಜಿಸುವ ಹಕ್ಕು. ನನಗೆ ಆ ವರದಿಯಲ್ಲಿ ಹಿಡಿಸಿದ್ದು ಆರೋಪಗಳ ಪಟ್ಟಿಯಲ್ಲ, ಅದರ ಬಿಗುಮಾನ. ಧಾರ್ಮಿಕ ಸಮುದಾಯವೊಂದನ್ನು ನಿರ್ನಾಮ ಮಾಡುವ ಪ್ರಯತ್ನ ನಡೆದಿದೆಯೆಂದು ಹೇಳಿದ ಸಮಿತಿ, ಟಿಬೆಟಿಗರನ್ನು ಒಂದು ಜನಾಂಗವಾಗಿ ಅಳಿಸಿಹಾಕುವ ಪ್ರಯತ್ನಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದೂ ಅದೇ ಉಸಿರಿನಲ್ಲಿ ಹೇಳಿತು. ಕಣ್ಣೀರಿನಲ್ಲಿ ಕೊಚ್ಚಿಹೋಗದೆ ತೂಕ ಮಾಡಿ ಬರೆದ ಮಾತಿಗೆ ಆಯುಷ್ಯ ಹೆಚ್ಚು. ಅರವತ್ತು ವರ್ಷಗಳ ಮೇಲೂ ಆ ಕಾಲದ ಬಗ್ಗೆ ಬರೆಯುವವರು ಅದನ್ನು ತೆರೆಯುತ್ತಾರೆ.

ಬಂದವರ ಮೊದಲ ವರ್ಷಗಳು ಬಲು ಕಷ್ಟದವು. ಅಸ್ಸಾಮಿನ ಮಿಸಾಮಾರಿಯ ಬಿದಿರಿನ ಗುಡಿಸಲುಗಳಲ್ಲಿ, ಚಳಿಯ ನಾಡಿನ ಉಣ್ಣೆಬಟ್ಟೆಯಲ್ಲಿಯೇ, ಬಿಸಿಲಿನ ಬೇಗೆಯನ್ನು ಕಂಡರು. ಹಿಮಾಲಯದ ರಸ್ತೆಗಳಿಗೆ ಕಲ್ಲು ಒಡೆದರು. ಭಿಕ್ಷುಗಳಲ್ಲಿ ಹಲವರನ್ನು ಇರಿಸಿದ್ದು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಬಂದೀಖಾನೆಯಲ್ಲಿ; ಕ್ಷಯರೋಗದಿಂದ ಅಲ್ಲಿ ತೀರಿಹೋದವರು ಅನೇಕರು. ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ ನೆಲ ಕೊಟ್ಟಿತು. ತರುವಾಯ 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಮುಂಡಗೋಡದ ಕಾಡಿನಲ್ಲಿ ಸುಮಾರು 4,000 ಎಕರೆ. ಕಾಡು ಕಡಿದು, ಆನೆಗಳನ್ನು ತಮಟೆ ಬಾರಿಸಿ ಓಡಿಸುತ್ತ, ಬಾರ್ಲಿ ಬೆಳೆದ ಕೈಗಳು ಭತ್ತವನ್ನೂ ಗೋವಿನಜೋಳವನ್ನೂ ಬಿತ್ತಿದವು. ಬಕ್ಸಾದಿಂದ ಬಂದ ಭಿಕ್ಷುಗಳು ಇಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳನ್ನು ಮತ್ತೆ ಕಟ್ಟಿದರು. ಗಾಂದೆನ್ 1409ರಲ್ಲಿ ಟಿಬೆಟಿನಲ್ಲಿ ಸ್ಥಾಪಿತವಾದದ್ದು. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಆ ಮೂಲ ವಿಹಾರ ಪಾಳು ಗೋಡೆಗಳಾಗಿ ಹೋಯಿತು. ಅಲ್ಲಿ ಗೋಡೆ ಬೀಳುತ್ತಿದ್ದ ಕಾಲಕ್ಕೇ ಇಲ್ಲಿ ನಮ್ಮ ಮಲೆನಾಡಿನ ಅಂಚಿನಲ್ಲಿ ಕಂಬ ನೆಟ್ಟರು.

ಕೊಟ್ಟ ನೆಲ ಗುತ್ತಿಗೆಯದು, ಒಡೆತನದ್ದಲ್ಲ. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಆದಕಾರಣ ಇಲ್ಲಿನ ಟಿಬೆಟಿಗನು ಕಾನೂನಿನ ಕಣ್ಣಿಗೆ ನಿರಾಶ್ರಿತನೂ ಅಲ್ಲ. ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕಾದ ಪರದೇಶಿ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಇಲ್ಲಿನ ಪ್ರಜೆಗಳೆಂಬ ನಿಯಮ ಅವರಿಗೂ ಅನ್ವಯಿಸುತ್ತದೆಂದು ದಿಲ್ಲಿಯ ಉಚ್ಚ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು. ಆದರೂ ಎಷ್ಟೋ ಮಂದಿ ಪರದೇಶಿಯ ಕಾಗದವನ್ನೇ ಇರಿಸಿಕೊಂಡಿದ್ದಾರೆ. ಅದನ್ನು ಬಿಟ್ಟುಕೊಟ್ಟರೆ ಹಳೆಯ ದೂರನ್ನೇ ಹಿಂತೆಗೆದುಕೊಂಡಂತೆ ಎಂಬ ಭಾವನೆ ಹಿರಿಯರಲ್ಲಿದೆ.

ನಮ್ಮದೇ ಜಿಲ್ಲೆಯ ಮತ್ತೊಂದು ತುದಿಯನ್ನು ಇಲ್ಲಿ ನೆನೆಯದಿದ್ದರೆ ನಾನು ಪ್ರಾಮಾಣಿಕನಾಗಲಾರೆ. ಕಾಳೀ ನದಿ ಸಮುದ್ರ ಸೇರುವ ಕಾರವಾರದ ಬಳಿ, 1986ರ ಅಕ್ಟೋಬರ್ 24ರಂದು ರಾಜೀವ ಗಾಂಧಿಯವರು ‘ಸೀಬರ್ಡ್’ ನೌಕಾನೆಲೆಗೆ ಅಡಿಗಲ್ಲಿಟ್ಟರು. 2005ರ ಮೇ 31ರಂದು ಕದಂಬರ ಹೆಸರಿನಲ್ಲಿ ಆ ನೆಲೆ ಸೇವೆಗೆ ಸೇರಿತು. ಈ ನಡುವೆ ಕಾರವಾರ, ಅಂಕೋಲಾ ತಾಲೂಕುಗಳ ಕರಾವಳಿಯ ನಾಲ್ಕು ಸಾವಿರಕ್ಕೂ ಮಿಕ್ಕಿದ ಸಂಸಾರಗಳು ಒಕ್ಕಲೆದ್ದವು. ಮೀನುಗಾರರು, ಸಣ್ಣ ಹಿಡುವಳಿಯ ರೈತರು, ಹಾಲಕ್ಕಿ ಒಕ್ಕಲಿಗರು. ಲ್ಹಾಸಾದ ಫಿರಂಗಿಗೂ ಇದಕ್ಕೂ ಹೋಲಿಕೆಯಿಲ್ಲ. ಇದು ಕಾನೂನಿನ ಮೂಲಕ, ನೋಟೀಸು ಕೊಟ್ಟು, ಪರಿಹಾರ ಗೊತ್ತುಮಾಡಿ ನಡೆದದ್ದು. ದೂರು ಕೇಳಲು ಇಲ್ಲಿ ನ್ಯಾಯಾಲಯವಿತ್ತು. ಹೆಚ್ಚಿನ ಪರಿಹಾರದ ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ಇದು ಸಣ್ಣ ಅಂತರವಲ್ಲ.

ಆದರೆ ಕಾಗದದ ತೊಡಕು ಇಲ್ಲಿಯೂ ಬಂದೇ ಬಂದಿತು. ಗದ್ದೆಯಿದ್ದವನಿಗೆ ಪಹಣಿಯಿತ್ತು. ಮೀನುಗಾರನ ಗದ್ದೆ ಸಮುದ್ರ. ಯಾವ ಬಂಡೆಯ ಮಗ್ಗುಲಲ್ಲಿ ಯಾವ ಮಾಸದಲ್ಲಿ ಬಲೆ ಬೀಸಬೇಕೆಂಬುದು ಅವನಿಗೆ ತಾತನಿಂದ ಬಂದ ಆಸ್ತಿ. ಅದಕ್ಕೆ ಸರ್ವೆ ನಂಬರಿಲ್ಲ. ಅಲೆಯ ಸದ್ದು ಕೇಳುವಷ್ಟು ಹತ್ತಿರವಿದ್ದ ಮನೆಯಿಂದ ಎದ್ದು ದೂರದ ನಿವೇಶನಕ್ಕೆ ಹೋದವನು ತಾನು ಕಳೆದುಕೊಂಡದ್ದನ್ನು ಯಾವ ಅಂಕಣದಲ್ಲಿ ಬರೆಯಬೇಕು? ಟಿಬೆಟಿನ ಹುಲ್ಲುಗಾವಲಿನಲ್ಲಿ ಯಾಕ್ ಮೇಯಿಸಿದವನ ಕಷ್ಟವೂ ಇದೇ ಜಾತಿಯದು.

ಆ ಹುಲ್ಲುಗಾವಲುಗಳಿಂದ ಈಗ ಬರುವ ಸುದ್ದಿ ಬೇರೆಯ ಬಗೆಯದು. ಫಿರಂಗಿಯ ಸದ್ದಿಲ್ಲ. ಅಧಿಕಾರಿಗಳು ಮನೆಮನೆಗೆ ಬರುತ್ತಾರೆ, ಮತ್ತೆ ಮತ್ತೆ ಬರುತ್ತಾರೆ, ಹಳ್ಳಿಯವರು ‘ಒಪ್ಪುವ’ ತನಕ ಬರುತ್ತಾರೆ. 2016ರಿಂದ ಈಚೆಗೆ 500 ಹಳ್ಳಿಗಳ 1,40,000ಕ್ಕೂ ಹೆಚ್ಚು ಜನರನ್ನು ಹೀಗೆ ಸ್ಥಳಾಂತರಿಸಲಾಗಿದೆ ಅಥವಾ ಸ್ಥಳಾಂತರಿಸಲಾಗುತ್ತಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2024ರ ಮೇ ತಿಂಗಳ ವರದಿಯಲ್ಲಿ ತಿಳಿಸಿತು. ಜನರ ಬಾಳು ಹಸನಾಗಲೆಂದು, ಅವರ ಸಮ್ಮತಿಯಿಂದಲೇ ಇದು ನಡೆದಿದೆಯೆನ್ನುತ್ತದೆ ಚೀನ. ಆ ವರದಿಗೆ ಆಧಾರವಾದದ್ದೇನೆಂಬುದು ಸ್ವಾರಸ್ಯದ ಸಂಗತಿ. ಒಳಗೆ ಹೋಗಿ ಹೇಳಿಕೆ ಪಡೆಯುವ ಹಾದಿ ಮುಚ್ಚಿದ್ದರಿಂದ, ಸಂಶೋಧಕರು ಚೀನದ ಸರಕಾರಿ ಪತ್ರಿಕೆಗಳ ಸಾವಿರಕ್ಕೂ ಹೆಚ್ಚು ಬರಹಗಳನ್ನು ಓದಿದರು. ಮೊದಲು ಒಲ್ಲೆನೆಂದ ಹಳ್ಳಿಗರ ಮನಸ್ಸನ್ನು ತಿರುಗಿಸಲು ಎಷ್ಟು ಶ್ರಮಪಟ್ಟೆವೆಂದು ಅಧಿಕಾರಿಗಳು ತಮ್ಮ ಬೆನ್ನು ತಾವೇ ತಟ್ಟಿಕೊಂಡು ಬರೆಸಿದ ಬರಹಗಳೇ ಅವರ ಮೇಲಿನ ಸಾಕ್ಷಿಯಾದವು. ತ್ರಿಕಮದಾಸರಿಗೆ ಈ ಉಪಾಯ ಮೆಚ್ಚುಗೆಯಾಗುತ್ತಿತ್ತೆಂದು ನನಗೆ ತೋರುತ್ತದೆ.

ಮುಂಡಗೋಡಕ್ಕೆ ಮೂರನೆಯ ಸಲ ಹೋದ ದಿನ, ವಿಹಾರದ ಎದುರಿನ ಚಹದ ಅಂಗಡಿಯಲ್ಲಿ ಕುಳಿತಿದ್ದೆ. ಎಪ್ಪತ್ತೈದು ದಾಟಿದ ಅಜ್ಜ ಒಬ್ಬರು, ಕೈಯಲ್ಲಿ ಜಪಸರ ಹಿಡಿದು, ಎದುರಿನ ಬೆಂಚಿನಲ್ಲಿ ಬಂದು ಕುಳಿತರು. ಚಳಿಗಾಲದಲ್ಲಿ ಹುಬ್ಬಳ್ಳಿಯ ರಸ್ತೆಯಲ್ಲಿ ಮೂವತ್ತು ವರ್ಷ ಸ್ವೆಟರ್ ಮಾರಿದವರಂತೆ. ಅವರ ಕನ್ನಡ ಅಚ್ಚ ಹುಬ್ಬಳ್ಳಿಯದು.

“ಯಾವೂರ್ರೀ ಸರ ನಿಮ್ದು?” ಎಂದು ಅವರೇ ಮಾತು ತೆಗೆದರು.

ನಾನು ಸರಾಗವಾಗಿ ನನ್ನ ಊರಿನ ಹೆಸರು ಹೇಳಿದೆ. ಯಾರನ್ನೇ ಆಗಲಿ ಮರಳಿ ಕೇಳಿಬಿಡುವ ಆ ಪ್ರಶ್ನೆ ಮಾತ್ರ ನನ್ನ ನಾಲಿಗೆಯಿಂದ ಏಳಲಿಲ್ಲ. ಅದು ಅವರಿಗೆ ತಿಳಿಯಿತೆಂದು ಕಾಣುತ್ತದೆ. ನಕ್ಕರು.

“ನಂದೂ ಒಂದು ಊರೈತ್ರಿ. ನಾ ಏಳು ವರ್ಷದವ ಇದ್ದೆ. ಬರಕೋರಿ, ಹೇಳ್ತೀನಿ.”

ನಾನು ಕಿಸೆಯಿಂದ ಪುಸ್ತಕ ತೆಗೆದೆ. ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿದರು. ನಾನು ಕನ್ನಡದಲ್ಲಿ ಬರೆದೆ. ಓದಿ ತೋರಿಸಿದಾಗ ತಲೆಯಾಡಿಸಿ, ಎರಡನೆಯ ಅಕ್ಷರಕ್ಕೆ ದೀರ್ಘ ಬೇಕೆಂದು ತಿದ್ದಿಸಿದರು. ಅಲ್ಲಿನ ಹೊಳೆಯ ಹೆಸರನ್ನೂ, ಹೊಳೆಯ ಆಚೆಯ ಗುಡ್ಡದ ಹೆಸರನ್ನೂ ಬರೆಸಿದರು.

ಆ ಹೆಸರುಗಳನ್ನು ನಾನು ಇಲ್ಲಿ ಅಚ್ಚು ಹಾಕಿಸುವುದಿಲ್ಲ. ಅವರ ತಂಗಿಯ ಮಕ್ಕಳು ಈಗಲೂ ಅಲ್ಲಿಯೇ ಇದ್ದಾರಂತೆ.